ಈ ವಾರದ ಸಮಸ್ಯೆ: ಕೋವಿ ಮತ್ತು ಕೂಸು

ಸಂಚಾಲಕ: ಈ ಸಲ ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ. ಕೊನೆಯ ಸಾಲು ನನ್ನದು, ಮೇಲಿನ ಐದು ನಿಮ್ಮವು.

ಕೋವಿ ಹಿಡಿದಾ ಕೈಯೆ ಕೂಸಿಗೆ ಮೊದಲ ತೊಟ್ಟಿಲದು

ವಸ್ತು, ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್. 1914ರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರು. 1938ರಲ್ಲಿ ಎಂಬಿಬಿಎಸ್, ಆಮೇಲೆ ಹೆರಿಗೆ ಡಾಕ್ಟರು. 1940ರಲ್ಲಿ ಸಿಂಗಪುರಕ್ಕೆ ಹೋಗಿ ಬಡ ಕೂಲಿಯವರಿಗೆ ಔಷಧ ಕೊಡುತ್ತಿದ್ದರು. 1943ರಲ್ಲಿ ನೇತಾಜಿ ಅಲ್ಲಿಗೆ ಬಂದು ಹೆಂಗಸರ ಪಡೆ (ಝಾನ್ಸಿ ರಾಣಿ ಪಡೆ) ಕಟ್ಟುವ ಮಾತೆತ್ತಿದಾಗ ಒಪ್ಪಿಕೊಂಡು ಅದರ ನಾಯಕಿಯಾದರು. ಪ್ರಾಸಕ್ಕೆ ವಕಾರ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ವ. ಸುಲಭ ಅಲ್ವಾ?

ಮಾತ್ರೆಗುಳಿಗೆ: ನನ್ನದು ಮೊದಲು ಇರಲಿ.

ಸಾವು ಸುತ್ತಲು ಸುರಿವ ಬರ್ಮದ
ಜೀವ ಕೈಯಲಿ ಹಿಡಿದು ನಡೆದಳು
ನೋವ ನುಂಗುತ ಝಾನ್ಸಿ ರಾಣಿಯ ಪಡೆಯ ಮುಂದಾಳು
ಸೇವೆಗಿಳಿದಳು ಮತ್ತೆ ಕಾನ್ಪುರ-
ದಾ ವಠಾರದ ಬಡವರೆಡೆಯಲಿ
ಕೋವಿ ಹಿಡಿದಾ ಕೈಯೆ ಕೂಸಿಗೆ ಮೊದಲ ತೊಟ್ಟಿಲದು

ಸಂಚಾಲಕ: ಭಲೇ! ಕಾನ್ಪುರವನ್ನು ಮುರಿದು ವಠಾರದಿಂದ ವಕಾರ ತಂದಿರಲ್ಲ, ಅದಕ್ಕೊಂದು ಸಲಾಂ. "ಬರ್ಮದ" ಆದಮೇಲೆ ಮಾತ್ರ ಅನ್ವಯ ಸ್ವಲ್ಪ ತೂಗಾಡುತ್ತಿದೆ.

ಲಘುಗುರು: ಪದ್ಯ ಚೆನ್ನಾಗಿದೆ. ಆದರೆ ಒಂದು ತಕರಾರು. ಇಂಫಾಲದ ಮುಂಚೂಣಿಗೆ ಈ ಪಡೆಯನ್ನು ಇಳಿಸಲೇ ಇಲ್ಲ. ಬರ್ಮದ ಮೇಮ್ಯೋ ಊರಿನಲ್ಲಿ ಗಾಯಾಳುಗಳ ಆರೈಕೆಯೇ ಜಾಸ್ತಿ.

ಮಾತ್ರೆಗುಳಿಗೆ: ಗೊತ್ತು ಸಾರ್. ಅದಕ್ಕೇ ನಾನು ಕಾದಾಡಿಸಿಲ್ಲ, ನಡೆಸಿದ್ದೇನೆ ಅಷ್ಟೆ. 1945ರಲ್ಲಿ ಬ್ರಿಟಿಷರು ಅವರನ್ನು ಹಿಡಿದಿದ್ದೂ ಬರ್ಮದಲ್ಲೇ. ಸಾವಿನ ನಡುವೆ ಇರೋದಕ್ಕೆ ಗುಂಡು ಹಾರಿಸಲೇಬೇಕಾ?

ಗಮಕಪ್ರಿಯೆ: ಎಲ್ಲರೂ ಬರ್ಮಕ್ಕೇ ಹೋದರೆ ಹೇಗೆ? ನಾನು 1971ಕ್ಕೆ ಬಂದೆ. ಬಾಂಗ್ಲಾದ ನಿರಾಶ್ರಿತರು ಬಂದಾಗ ಇವರು ಬಂಗಾಳಕ್ಕೆ ಹೋಗಿ ಶಿಬಿರದಲ್ಲಿ ದುಡಿದರು.

ಯಾವ ನಾಡಿನ ಯಾರ ಬಸಿರೋ
ಬೇವ ಬಿಸಿಲಲಿ ಗಡಿಯ ದಾಟಿರೆ
ನೋವು ಕಾಣಲು ಕಾದು ನಿಂತಳು ಲಕ್ಷ್ಮಿ ಬಾಗಿಲಲಿ
ಕಾವಲೆಂದರೆ ಗಡಿಯೆ ಮಾತ್ರವೆ
ಜೀವ ಜೀವಕು ಬೇಕು ಕಾವಲು
ಕೋವಿ ಹಿಡಿದಾ ಕೈಯೆ ಕೂಸಿಗೆ ಮೊದಲ ತೊಟ್ಟಿಲದು

ಲಘುಗುರು: ನಾಲ್ಕನೇ ಸಾಲಿಗೆ ನನ್ನ ಓಟು. ಮೇಡಂ, ಇದನ್ನು ಹಾಡಿ ಹಾಕಿ.

ಚುಟುಕಪ್ರಿಯ: ಷಟ್ಪದಿ ನನ್ನ ಕೈಗೆ ಹತ್ತಲ್ಲ. ಸುಮ್ನೆ ಒಂದು ಚುಟುಕ, 2002ರ ರಾಷ್ಟ್ರಪತಿ ಚುನಾವಣೆ ಮೇಲೆ.

ಎಂಬತ್ತೇಳರ ಅಜ್ಜಿ,
ಎದುರಾಳಿ ಕಲಾಂ ಮೇಷ್ಟ್ರು.
ಸೋಲು ಖಾತ್ರಿ ಅಂತ ಹಿಂದೆ ಸರಿದರೆ
ಕ್ಯಾಪ್ಟನ್ ಅಂತ ಯಾಕೆ ಕರೆದರು?

ಸಂಚಾಲಕ: ನಿಯಮಕ್ಕೆ ಹೊರಗೆ, ಆದರೂ ಅಳಿಸಲ್ಲ. ಅವರಿಗೆ ಕಲಾಂ ಮೇಲೆ ಸಿಟ್ಟೇನಿರಲಿಲ್ಲ, ಎಡಪಕ್ಷಗಳು ನಿಲ್ಲಿಸಿದವು, ನಿಂತರು. ತೊಂಬತ್ತು ದಾಟಿದ ಮೇಲೂ ಕಾನ್ಪುರದಲ್ಲಿ ರೋಗಿಗಳನ್ನು ನೋಡುತ್ತಿದ್ದರು. 2012ರ ಜುಲೈ 23ರಂದು ಹೋದರು. ದೇಹ ವೈದ್ಯಕೀಯ ಕಾಲೇಜಿಗೆ. ಈ ದೇಹದಾನದ ಮೇಲೆ ಇನ್ನೂ ಒಂದೂ ಪೂರಣ (ಸಮಸ್ಯೆ ತುಂಬಿದ ಪದ್ಯ) ಬಂದಿಲ್ಲ, ನೋಡಿ.

ಗಮಕಪ್ರಿಯೆ: ಬೇರೆಯವರ ಮೇಲೆ ಬರೆಯಬಹುದಾ? ಅದೇ ಪಡೆಯ ಜಾನಕಿ ತೇವರ್ ಇದ್ದಾರಲ್ಲ, ಮಲಯಾದವರು. ಸೇರಿದಾಗ ಹದಿನೆಂಟೋ ಏನೋ.

ಸಂಚಾಲಕ: ಧಾರಾಳವಾಗಿ. "ತೇವರ್" ಅಂದರೆ ಗುರು (ದೀರ್ಘಾಕ್ಷರ "ತೇ") ಆದಮೇಲೆ ವಕಾರ, ಪ್ರಾಸ ಹೆಸರಲ್ಲೇ ಇದೆ! ಭಾನುವಾರ ರಾತ್ರಿವರೆಗೆ ಸಮಯ.