ಟೋಪೋಲಾಜಿಕಲ್ ಅವಾಹಕದ ಮೇಲ್ಮೈ: ಹಿಂಚದುರಿಕೆ ಇಲ್ಲವೆಂದರೆ ರೋಧವೂ ಇಲ್ಲವೇ?

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ
ಎಲ್ಲರಿಗೂ ನಮಸ್ಕಾರ. ಬರುವ ವಾರದ ಸೆಮಿನಾರಿನಲ್ಲಿ ನಾನು ಬಿಸ್ಮತ್ ಸೆಲೆನೈಡ್ ಎಂಬ ಟೋಪೋಲಾಜಿಕಲ್ ಅವಾಹಕದ (ತಾತ್ವಿಕವಾಗಿ ಒಳಗೆ ವಿದ್ಯುತ್ ಹರಿಯದೆ ಮೇಲ್ಮೈಯಲ್ಲಿ ಮಾತ್ರ ಹರಿಯುವ ವಸ್ತು) ಕುರಿತು ಮಾತನಾಡಬೇಕಾಗಿದೆ. ಅದರ ಮೇಲ್ಮೈಯಲ್ಲಿ ಎಲೆಕ್ಟ್ರಾನಿನ ಸ್ಪಿನ್ (ಅದನ್ನು ಪುಟ್ಟ ಕಾಂತದಂತೆ ಮಾಡುವ ಸಹಜ ಗುಣ) ಅದು ಸಾಗುವ ದಿಕ್ಕಿಗೆ ಲಂಬವಾಗಿ ಬಿಗಿದುಕೊಂಡಿರುವುದರಿಂದ, ಕಲ್ಮಶ ಎದುರಾದರೂ ಅದು ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಅಂದರೆ ಹಿಂಚದುರಿಕೆ ಇಲ್ಲ, ಎಂದು ಓದಿದ್ದೇನೆ. ಹಾಗಿದ್ದರೆ ಮೇಲ್ಮೈಯ ರೋಧ ಸೊನ್ನೆಯಾಗಬೇಕಲ್ಲವೇ? ಅಳತೆಯಲ್ಲಿ ಹಾಗೆ ಕಾಣದಿರುವುದೇಕೆ?

ನಿವೃತ್ತ ಉಪನ್ಯಾಸಕ, ಹುಬ್ಬಳ್ಳಿ
ತಂಗಿ, ನಿಷೇಧವಿರುವುದು ಸರಿಯಾಗಿ 180 ಡಿಗ್ರಿಯ ತಿರುವಿಗೆ ಮಾತ್ರ. ಕಲ್ಮಶಕ್ಕೆ ಕಾಂತಗುಣವಿಲ್ಲದಿದ್ದರೆ, ತಿರುವಿನ ಕೋನದ ಅರ್ಧದ ಕೊಸೈನ್ ತೆಗೆದು ವರ್ಗ ಮಾಡಿ. ಹಳೆಯ ಸ್ಪಿನ್ನಿಗೂ ಹೊಸ ಸ್ಪಿನ್ನಿಗೂ ಇರುವ ಹೊಂದಿಕೆ ಸಿಗುತ್ತದೆ; ಅದು ಹೆಚ್ಚಿದ್ದಷ್ಟೂ ಆ ಕೋನಕ್ಕೆ ಚದುರುವುದು ಸುಲಭ. 180ಕ್ಕೆ ಸೊನ್ನೆ ಬಂದರೂ 90ಕ್ಕೆ ಅರ್ಧ, 60ಕ್ಕೆ ಮುಕ್ಕಾಲು ಉಳಿಯುತ್ತದೆ. 2007ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಪಾದರಸ ಟೆಲ್ಯುರೈಡಿನ ತೆಳು ಪದರದಲ್ಲಿ ಅಳೆದದ್ದು ಮೇಲ್ಮೈಯದಲ್ಲ, ಪದರದ ಅಂಚಿನಗುಂಟ ಸಾಗುವ ವಿದ್ಯುತ್ತಿನ ವಹನ. ಅದು ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಪ್ರತ್ಯೇಕ ಪಥವಿದ್ದಂತೆ, ಹೋಗುವುದು ಮತ್ತು ಬರುವುದು ಎಂಬ ಎರಡೇ ದಿಕ್ಕುಗಳು, ಆದ್ದರಿಂದ ಹಿಂದಿರುಗುವುದನ್ನು ತಡೆದರೆ ಚದುರಿಕೆಯೇ ನಿಂತಂತೆ. ಮೇಲ್ಮೈಯಾದರೋ ಬಯಲು. ಅಲ್ಲಿ ಎಲೆಕ್ಟ್ರಾನು ಒಮ್ಮೆಗೇ ಹಿಂದಿರುಗಲಾರದಾದರೂ ಹಲವು ಕಲ್ಮಶಗಳಲ್ಲಿ ಸ್ವಲ್ಪ ಸ್ವಲ್ಪವೇ ಹೊರಳುತ್ತ ಕಡೆಗೆ ದಿಕ್ಕು ತಪ್ಪುತ್ತದೆ. ರೋಧ ಹುಟ್ಟುವುದು ಹೀಗೆ. ಸೆಮಿನಾರಿನಲ್ಲಿ ಈ ವ್ಯತ್ಯಾಸವನ್ನು ದಯವಿಟ್ಟು ಮೊದಲೇ ಹೇಳಿಬಿಡಿ. ಅಂಚಿನ ಮಾತನ್ನು ಮೇಲ್ಮೈಗೆ ಹಚ್ಚುವವರು ಬಹಳ.

ಸಂಶೋಧಕ, ಗದಗ
ಸರ್ ಹೇಳಿದ್ದಕ್ಕೆ ಪ್ರಯೋಗದ ಆಧಾರವೂ ಇದೆ. 2009ರಲ್ಲಿ ಪ್ರಿನ್ಸ್‌ಟನ್ ತಂಡವು ಬಿಸ್ಮತ್-ಆಂಟಿಮನಿ ಮಿಶ್ರಲೋಹದ ಮೇಲ್ಮೈಯನ್ನು ಸುರಂಗ ಸೂಕ್ಷ್ಮದರ್ಶಕದಿಂದ (ಚೂಪು ಮೊನೆಯಿಂದ ಪರಮಾಣು ಮಟ್ಟದಲ್ಲಿ ಮೇಲ್ಮೈಯನ್ನು ನೋಡುವ ಎಸ್‌ಟಿಎಂ ಉಪಕರಣ) ನೋಡಿದಾಗ, ಕಲ್ಮಶಗಳ ಸುತ್ತ ಏಳುವ ಎಲೆಕ್ಟ್ರಾನ್ ಅಲೆಗಳಲ್ಲಿ ನೇರ ಹಿಂಚದುರಿಕೆಯಿಂದ ಬರಬೇಕಾದ ಅಲೆ ಕಾಣಲಿಲ್ಲ, ಉಳಿದ ಕೋನಗಳವು ಇದ್ದವು. ಇದಲ್ಲದೆ ಬಿಸ್ಮತ್ ಸೆಲೆನೈಡಿನ ಹರಳಿನಲ್ಲಿ ಸೆಲೆನಿಯಂ ಪರಮಾಣುಗಳು ತಪ್ಪಿಹೋದ ಜಾಗಗಳು ಎಲೆಕ್ಟ್ರಾನುಗಳನ್ನು ಕೊಡುವುದರಿಂದ ಒಳಭಾಗವೂ ವಿದ್ಯುತ್ತನ್ನು ಒಯ್ಯುತ್ತದೆ. ನೀವು ಅಳೆಯುವ ರೋಧ ಬರೀ ಮೇಲ್ಮೈಯದಲ್ಲ. ಕಲ್ಮಶವೇ ಇಲ್ಲದ ಹರಳಿನಲ್ಲಿಯೂ ಪರಮಾಣುಗಳ ಜಾಲಕದ ಕಂಪನಗಳು ಎಲೆಕ್ಟ್ರಾನನ್ನು ಚದುರಿಸುತ್ತವೆ.

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ
ತುಂಬಾ ಉಪಕಾರವಾಯಿತು. ಕಲ್ಮಶವು ಕಬ್ಬಿಣದಂಥ ಕಾಂತೀಯ ಪರಮಾಣುವಾದರೆ?

ನಿವೃತ್ತ ಉಪನ್ಯಾಸಕ, ಹುಬ್ಬಳ್ಳಿ
ಆಗ ಹಿಂಚದುರಿಕೆಯನ್ನು ತಡೆಯುವ ಕಾಲವಿಪರ್ಯಯ ಸಮಮಿತಿಯೇ (ಕಾಲವನ್ನು ಹಿಂದಕ್ಕೆ ಓಡಿಸಿದರೂ ನಿಯಮ ಬದಲಾಗದಿರುವುದು) ಮುರಿಯುವುದರಿಂದ ಸ್ಪಿನ್ ಮಗುಚಲು ಅವಕಾಶವಾಗಿ 180 ಡಿಗ್ರಿಯ ದಾರಿಯೂ ತೆರೆದುಕೊಳ್ಳುತ್ತದೆ. ಅಂಥ ಪರಮಾಣುಗಳ ಕಾಂತತ್ವವೆಲ್ಲ ಮೇಲ್ಮೈಗೆ ಲಂಬವಾಗಿ ಒಂದೇ ಕಡೆ ನಿಂತರೆ, ಮೇಲ್ಮೈಯ ಶಕ್ತಿಪಟ್ಟಿಗಳು (ಎಲೆಕ್ಟ್ರಾನುಗಳಿಗೆ ಸಾಧ್ಯವಿರುವ ಶಕ್ತಿಗಳ ಸಾಲುಗಳು) ಕೂಡುವ ಬಿಂದುವಿನಲ್ಲಿಯೇ ಶಕ್ತಿಯ ಅಂತರ ಮೂಡುತ್ತದೆ.