3/−4 ಮತ್ತು −5/6: ಅಡ್ಡ ಗುಣಾಕಾರ ಇಲ್ಲಿ ಏಕೆ ಕೈಕೊಟ್ಟಿತು?

ಪ್ರಶ್ನೆ (ಏಳನೆಯ ತರಗತಿಯವನ ಚಿಕ್ಕಮ್ಮ):
−5/6, 3/−4, 2/3, −7/8 ಇವನ್ನು ಏರಿಕೆ ಕ್ರಮದಲ್ಲಿ ಬರೆಯಬೇಕಿತ್ತು. ನನ್ನ ಅಕ್ಕನ ಮಗ ಅಡ್ಡ ಗುಣಾಕಾರದ ಪರಮ ಭಕ್ತ. 3/−4 ಮತ್ತು −5/6 ತೆಗೆದುಕೊಂಡು 3 × 6 = 18, (−4) × (−5) = 20 ಎಂದು ಗುಣಿಸಿದ. 18 ಚಿಕ್ಕದು, ಹಾಗಾಗಿ 3/−4 ಚಿಕ್ಕದು ಎಂದ. ಸಂಖ್ಯಾರೇಖೆಯಲ್ಲಿ ಗುರುತಿಸಿದರೆ −5/6 ಎಡಕ್ಕೆ ಬೀಳುತ್ತದೆ, ಅದೇ ಚಿಕ್ಕದು. ಗುಣಾಕಾರದಲ್ಲಂತೂ ತಪ್ಪಿಲ್ಲ. ‘ಹಾಗಾದರೆ ನಿಯಮವೇ ಸುಳ್ಳೇ?’ ಎಂದು ಪಟ್ಟು ಹಿಡಿದಿದ್ದಾನೆ. ಗದರಿಸಿ ಬಾಯಿ ಮುಚ್ಚಿಸುವ ಮನಸ್ಸಿಲ್ಲ. ಕಾರಣ ಬೇಕು.

ಗಣಿತದ ಮೇಷ್ಟ್ರು:
ಹುಡುಗನ ಪಟ್ಟು ನ್ಯಾಯವಾದದ್ದೇ ಮೇಡಂ. ಅವನಿಗೆ ಅರ್ಧ ನಿಯಮವನ್ನಷ್ಟೇ ಹೇಳಿಕೊಟ್ಟಿದ್ದಾರೆ. ಅಡ್ಡ ಗುಣಿಸುವುದೆಂದರೆ ಎರಡೂ ಸಂಖ್ಯೆಗಳನ್ನು ಎರಡು ಛೇದಗಳ ಗುಣಲಬ್ಧದಿಂದ ಗುಣಿಸುವುದು. ಇಲ್ಲಿ ಅದು (−4) × 6 = −24. ಋಣ ಸಂಖ್ಯೆಯಿಂದ ಗುಣಿಸಿದೊಡನೆ ಹಿರಿದು ಕಿರಿದು ಅದಲುಬದಲಾಗುತ್ತವೆ: 2 < 5, ಆದರೆ −2 > −5. ಆದ್ದರಿಂದ 18 < 20 ಎಂದು ಬಂದಾಗ ಉತ್ತರವನ್ನು ತಿರುಗಿಸಿ ಓದಬೇಕು.

ತಿರುಗಿಸುವ ಗೋಜೇ ಬೇಡವೆಂದರೆ ಮೊದಲು ಛೇದವನ್ನು ಧನವಾಗಿಸಲಿ. 3/−4 ಎಂದರೆ −3/4. ಈಗ (−3) × 6 = −18, 4 × (−5) = −20. −18 ದೊಡ್ಡದು, −3/4 ದೊಡ್ಡದು. ಎರಡೂ ಛೇದಗಳು ಋಣವಾಗಿದ್ದರೆ ಹಾಗೇ ಗುಣಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ಮಕ್ಕಳಿಗೆ ನಿಯಮದ ಮೇಲೆ ಕುರುಡು ನಂಬಿಕೆ ಹುಟ್ಟುವುದು ಅಲ್ಲಿಯೇ.

ಲ.ಸಾ.ಅ. ಬೇಡದವನು:
ಈ ನಾಲ್ಕಕ್ಕೆ ಗುಣಾಕಾರವೇ ಬೇಕಿಲ್ಲ. 2/3 ಒಂದೇ ಧನ ಸಂಖ್ಯೆ, ಅದು ಕೊನೆಗೆ. ಉಳಿದವು −1ರಿಂದ ಎಷ್ಟು ದೂರ ಎಂದು ನೋಡಿ: −7/8 ಇರುವುದು 1/8 ದೂರದಲ್ಲಿ, −5/6 ಇರುವುದು 1/6, −3/4 ಇರುವುದು 1/4 ದೂರದಲ್ಲಿ. ಮೂರೂ −1ರ ಬಲಕ್ಕಿವೆ, ಹತ್ತಿರವಿದ್ದಷ್ಟೂ ಚಿಕ್ಕವು. −7/8 < −5/6 < 3/−4 < 2/3.

ಏಳನೆಯ ತರಗತಿಯವನ ಚಿಕ್ಕಮ್ಮ:
ಚೆನ್ನಾಗಿದೆ! ಆದರೆ ಅವನು ತಕ್ಷಣ −4/7, −5/9 ಮುಂದಿಟ್ಟ. −1ರಿಂದ ದೂರ 3/7 ಮತ್ತು 4/9. ಮತ್ತದೇ ತಲೆನೋವು.

ಲ.ಸಾ.ಅ. ಬೇಡದವನು:
ಚುರುಕು ಹುಡುಗ. ಅವಕ್ಕೆ −1/2 ಹತ್ತಿರ. −4/7 ಅದರ ಎಡಕ್ಕೆ 1/14 ದೂರ, −5/9 ಎಡಕ್ಕೆ 1/18 ದೂರ. ಹೆಚ್ಚು ಎಡಕ್ಕಿರುವ −4/7 ಚಿಕ್ಕದು. ಯಾವ ಗುರುತೂ ಹತ್ತಿರವಿಲ್ಲದಿದ್ದರೆ ನನ್ನ ಹೆಸರಿಗೆ ಕಳಂಕ ಬಂದರೂ ಸರಿ, ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆದು ಛೇದ ಒಂದೇ ಮಾಡಿ ಹೋಲಿಸಲಿ.

ಹಾದಿಹೋಕ:
ಇಷ್ಟೆಲ್ಲ ಏಕೆ? ದಶಮಾಂಶಕ್ಕೆ ತಂದರೆ ಮುಗಿಯಿತು.

ಗಣಿತದ ಮೇಷ್ಟ್ರು:
ತರಬಹುದು ಸ್ವಾಮಿ, ಎರಡೇ ಸ್ಥಾನಕ್ಕೆ ನಿಲ್ಲಿಸದಿದ್ದರೆ. −5/6 ಮತ್ತು −0.83 ಕೊಟ್ಟು ನೋಡಿ, ಎರಡೂ ಸಮ ಎಂದು ಬರೆಯುತ್ತಾರೆ. −5/6 ಎಂದರೆ −0.8333…, ಅದು −0.83ಕ್ಕಿಂತ ಚಿಕ್ಕದು.