ಒಕ್ಕೂಟ ಬಿಟ್ಟು ಹೋಗುವುದಕ್ಕೆ ‘ಪ್ರತ್ಯೇಕತೆ’ ಸರಿಯೇ?

ಬಳಗದವರಿಗೆ ನಮಸ್ಕಾರ.

ಪದವಿ ವಿದ್ಯಾರ್ಥಿಗಳಿಗೆಂದು ವೆಸ್ಟ್ ಇಂಡೀಸ್ ಒಕ್ಕೂಟ ಮುರಿದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದೇನೆ. ನಮಗೆ ವೆಸ್ಟ್ ಇಂಡೀಸ್ ಅಂದರೆ ಕ್ರಿಕೆಟ್ ತಂಡ. ಆದರೆ 1958ರಿಂದ 1962ರವರೆಗೆ ಆ ಹೆಸರಿನಲ್ಲಿ ಒಂದು ಸರ್ಕಾರವೂ ಇತ್ತು. ಕೆರಿಬಿಯನ್ ಸಮುದ್ರದ ಬ್ರಿಟಿಷ್ ವಸಾಹತು ದ್ವೀಪಗಳು ಸೇರಿದ ಹತ್ತು ಪ್ರಾಂತ್ಯ, ಬಾರ್ಬಡೋಸ್‌ನ ಗ್ರಾಂಟ್ಲಿ ಆಡಮ್ಸ್ ಪ್ರಧಾನಿ. (ಭಾರತ ಕ್ರಿಕೆಟ್ ತಂಡದ ನಾಯಕ ನಾರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಡಿದ ಪ್ರವಾಸ ನಡೆದದ್ದು ಇದರ ಕೊನೆಯ ತಿಂಗಳುಗಳಲ್ಲೇ.)

ಹುಟ್ಟಿದಾಗಲೇ ಅದು ಬಡಕಲು. ಜಮೈಕಾದ ಮ್ಯಾನ್ಲಿ, ಟ್ರಿನಿಡಾಡ್‌ನ ಎರಿಕ್ ವಿಲಿಯಮ್ಸ್ ಇಬ್ಬರೂ ಒಕ್ಕೂಟದ ಚುನಾವಣೆಗೆ ನಿಲ್ಲಲಿಲ್ಲ, ತಂತಮ್ಮ ದ್ವೀಪದ ಅಧಿಕಾರ ಬಿಡಲಿಲ್ಲ. ಮೊದಲ ಐದು ವರ್ಷ ಕೇಂದ್ರ ಆದಾಯ ತೆರಿಗೆ ಹಾಕುವಂತಿರಲಿಲ್ಲ. ದ್ವೀಪಗಳ ವಂತಿಗೆಯಲ್ಲೇ ಸಂಸಾರ. ಆ ಅವಧಿ ಮುಗಿದ ಮೇಲೆ ಹಿಂದಿನ ವರ್ಷಗಳಿಗೂ ಸೇರಿಸಿ ತೆರಿಗೆ ಹಾಕಬಹುದೆಂದು ಆಡಮ್ಸ್ ಆಡಿದ ಮಾತು ಜಮೈಕಾವನ್ನು ಕೆರಳಿಸಿತು. ಸುಮಾರು ಅರ್ಧದಷ್ಟು ಜನ ಅಲ್ಲಿದ್ದರೂ ಒಕ್ಕೂಟದ ಕೆಳಮನೆಯ 45 ಸ್ಥಾನಗಳಲ್ಲಿ ಅವರಿಗೆ ಸಿಕ್ಕಿದ್ದು 17. ಸೆಪ್ಟೆಂಬರ್ 1961ರ ಜನಮತಗಣನೆಯಲ್ಲಿ ಜಮೈಕಾ ‘ಬೇಡ’ ಎಂದಿತು. ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಎಂದು ವಿಲಿಯಮ್ಸ್ ಕೂಡ ಕೈಕೊಟ್ಟರು. 1962ರ ಮೇ 31ಕ್ಕೆ ಒಕ್ಕೂಟ ಮುಗಿಯಿತು.

ಈಗ ನನ್ನ ತೊಡಕು. ಜಮೈಕಾ ಮಾಡಿದ್ದಕ್ಕೆ ಏನನ್ನೋಣ? ‘ಪ್ರತ್ಯೇಕತೆ’ ಅಂದೊಡನೆ ‘ಪ್ರತ್ಯೇಕತಾವಾದಿ’ ನೆನಪಾಗುತ್ತಾನೆ, ಜೊತೆಗೆ ಬಂದೂಕು. ಇಲ್ಲಿ ಮತ ಹಾಕಿ ಎದ್ದುಹೋದರು, ಅಷ್ಟೇ. ‘ವಿಘಟನೆ’ ಅಂದರೆ ತಾನಾಗಿ ಕಳಚಿಬಿದ್ದಂತೆ. ಹೋದವರು ಯಾರೆಂಬುದೇ ಮರೆಯಾಗುತ್ತದೆ. ಸಿಂಗಪುರದ್ದು ಮತ್ತೊಂದು ಬಗೆ: 1965ರ ಆಗಸ್ಟ್ 9ರಂದು ಅದನ್ನು ಮಲೇಷ್ಯಾವೇ ಹೊರಗೆ ಹಾಕಿತು. ಅದನ್ನೂ ‘ಪ್ರತ್ಯೇಕಗೊಂಡಿತು’ ಎಂದು ಬರೆಯುವುದು ಕಂಡಿದ್ದೇನೆ. ಹಾಗೆ ಬರೆದರೆ ವಿದ್ಯಾರ್ಥಿಗೆ ತಪ್ಪು ಯಾರ ಕಡೆ ಇತ್ತೆಂಬುದೇ ತಲೆಕೆಳಗಾಗಿ ಕಾಣುತ್ತದೆ.

ಅವಿಭಕ್ತ ಕುಟುಂಬದಲ್ಲಿ ಒಬ್ಬ ಹೋದರೆ ‘ಬೇರೆ ಹೋದ’, ಎಲ್ಲರೂ ಹಂಚಿಕೊಂಡರೆ ‘ಪಾಲಾದರು’ ಅನ್ನುತ್ತೇವೆ. ಭೇದ ಸ್ಪಷ್ಟವಾಗಿದೆ, ನನಗೆ ಇವೇ ಹಿತ. ಆದರೆ ಪಠ್ಯದಲ್ಲಿ ‘ಜಮೈಕಾ ಬೇರೆ ಹೋಯಿತು’ ಎಂದರೆ ತೀರಾ ಮನೆಮಾತಾದೀತೇ? ‘ನಿರ್ಗಮನ’ ಬಳಸಿದವರುಂಟೇ? ಧಾರವಾಡ, ಕರಾವಳಿ ಕಡೆಯವರು ಇದಕ್ಕೆ ಏನನ್ನುತ್ತೀರಿ? ಅಚ್ಚಾದ ಹಳೆಯ ಬಳಕೆ ಸಿಕ್ಕರೆ ವಾಕ್ಯಸಮೇತ ಕಳಿಸಿ.